ಹಿಂದಿನ ಸೀಟಿನ ಟಾಕೀಸು

ನಮ್ಮ ಸರ್ಕಾರಿ ಬಸ್ಸುಗಳಲ್ಲಿ ‘ಚಾಲಕರೊಂದಿಗೆ ಮಾತನಾಡಬೇಡಿ’ ಎಂದು ಬರೆದಿರುತ್ತಾರೆ. ಚಾಲಕರು ಮಾತನಾಡಬಾರದು ಎಂದು ಮಾತ್ರ ಎಲ್ಲೂ ಬರೆದಿಲ್ಲ. ಕಾರು ಕೊಂಡ ದಿನದಿಂದ ನಾನು ಬದುಕಿ ಬಂದಿರುವುದು ಈ ಸಂದಿಯಲ್ಲೇ. ವಾರವಿಡೀ ಬ್ಯಾಂಕಿನ ಕೌಂಟರಿನ ಹಿಂದೆ ಕೂತು ‘ಆಧಾರ್ ಕೊಡ್ರಿ’, ‘ಸರ್ವರ್ ಡೌನ್ ಐತ್ರಿ’ ಎಂಬೆರಡು ವಾಕ್ಯಗಳಲ್ಲಿ ಸಂಬಳ ದುಡಿಯುವವನು ನಾನು. ಅಂಥವನಿಗೆ ಭಾನುವಾರ ಸ್ಟೇರಿಂಗ್ ಕೈಗೆ ಸಿಕ್ಕಿತೆಂದರೆ ಪುರಾತತ್ವ, ನೀರಾವರಿ, ರಾಜವಂಶ ಎಲ್ಲವೂ ಬಾಯಿಗೆ ಬರುತ್ತವೆ. ಕೇಳುವವರು ಸೀಟ್ ಬೆಲ್ಟ್ ಕಟ್ಟಿಕೊಂಡಿರುವುದರಿಂದ ಎದ್ದು ಹೋಗುವ ಸಂಭವವೂ ಕಡಿಮೆ.

ಅದೂ ಅಲ್ಲದೆ ನಮ್ಮ ಓಡಾಟದ ದಾರಿಯೇ ಮಾತಾಡಿಸುವಂಥದ್ದು. ಮನೆ ಬಳ್ಳಾರಿಯಲ್ಲಿ, ಹೆಂಡತಿಯ ತವರು ಸಿರುಗುಪ್ಪ, ಮನೆದೇವರು ಕುರುಗೋಡಿನ ದೊಡ್ಡಬಸವೇಶ್ವರ. ಹಬ್ಬ, ಸೀಮಂತ, ಜಾತ್ರೆ ಎಂದು ಈ ಮೂರು ಊರುಗಳ ನಡುವೆ ಸುತ್ತುವುದೇ ನಮ್ಮ ಪ್ರವಾಸ. ಬಳ್ಳಾರಿ ದಾಟುವ ಮೊದಲೇ ಸಂಗನಕಲ್ಲು, ಕಪ್ಪಗಲ್ಲಿನ ಗುಡ್ಡಗಳ ವಿಷಯ ಬರುತ್ತದೆ. ನಾಲ್ಕು ಸಾವಿರ ವರ್ಷಗಳ ಹಿಂದೆ ಅಲ್ಲಿ ಕಲ್ಲಿನ ಕೊಡಲಿ ಮಾಡುವ ಕಾರ್ಖಾನೆಯೇ ನಡೆದಿತ್ತು. ಕಪ್ಪಗಲ್ಲಿನ ಕೆಲವು ಬಂಡೆಗಳನ್ನು ಸಣ್ಣ ಕಲ್ಲಿನಿಂದ ಬಡಿದರೆ ಖಣಖಣ ನಾದ ಬರುತ್ತದೆ. ಹಳೆಯ ಕಾಲದವರು ಬಡಿದು ಬಡಿದು ಬಿದ್ದ ಗುಳಿಗಳು ಇವತ್ತಿಗೂ ಇವೆ. ಮುಂದೆ ತೆಕ್ಕಲಕೋಟೆ, 1960ರ ದಶಕದಲ್ಲಿ ಎಂ.ಎಸ್. ನಾಗರಾಜರಾವ್ ಅಗೆತ ನಡೆಸಿ ನವಶಿಲಾಯುಗದವರ ಗುಡಿಸಲು, ಮಡಕೆ, ಸಮಾಧಿಗಳನ್ನು ಬೆಳಕಿಗೆ ತಂದ ಊರು. ಸಿರುಗುಪ್ಪ ಹತ್ತಿರವಾದಂತೆ ಎರಡೂ ಕಡೆ ಭತ್ತದ ಗದ್ದೆ, ಅಕ್ಕಿ ಗಿರಣಿಗಳ ಚಿಮಣಿ. ಅಲ್ಲಿಂದ ವಿಜಯನಗರದ ಅರಸರ ಕಾಲುವೆಗಳು, ತುಂಗಭದ್ರಾ ಅಣೆಕಟ್ಟಿನ ಕೆಳಮಟ್ಟದ ಕಾಲುವೆ, ಅಣೆಕಟ್ಟಿನ 33 ಗೇಟುಗಳು, 2024ರ ಆಗಸ್ಟ್‌ನಲ್ಲಿ ಚೈನು ಕಡಿದು ಕೊಚ್ಚಿಹೋದ 19ನೇ ಗೇಟು. ಕುರುಗೋಡಿನ ಕಡೆ ತಿರುಗಿದರೆ ಕಲ್ಯಾಣ ಚಾಲುಕ್ಯರ ಸಾಮಂತರಾಗಿದ್ದ ಸಿಂದರು. ಐವತ್ತೈದು ಕಿಲೋಮೀಟರಿನ ಸಿರುಗುಪ್ಪ ದಾರಿಗೆ ಇಷ್ಟು ಸರಕು ಇದ್ದರೆ ಬಾಯಿ ಮುಚ್ಚಿಕೊಂಡು ಗಾಡಿ ಹೊಡೆಯುವುದು ಜಿಲ್ಲೆಗೆ ಮಾಡುವ ಅವಮಾನ.

ಮನೆಯವರು ಆಸಕ್ತಿಯಿಂದ ಕೇಳುತ್ತಿದ್ದರು ಎಂದೇ ನನ್ನ ತಿಳಿವಳಿಕೆ. ನನ್ನ ಹೆಂಡತಿ ಸಿರುಗುಪ್ಪ ರಸ್ತೆಗೆ ಬಿದ್ದ ಕೂಡಲೇ ಕಣ್ಣು ಮುಚ್ಚುತ್ತಿದ್ದಳು; ಏಕಾಗ್ರತೆಗೆ ಇರಬೇಕು. ಮಗಳು ನನ್ನ ವಾಕ್ಯಗಳನ್ನು ನನಗಿಂತ ಮೊದಲೇ ಮುಗಿಸುತ್ತಿದ್ದಳು. ‘ನೋಡ್ರಿ ಮಕ್ಕಳಾ, ಈ ಗುಡ್ಡದಾಗ’ ಎಂದು ನಾನು ಶುರು ಮಾಡಿದರೆ, ‘ನಾಕು ಸಾವಿರ ವರ್ಷದ ಹಿಂದ ಮಂದಿ ಇದ್ರು’ ಎಂದು ಹಿಂದಿನಿಂದ ಉತ್ತರ. ಮಗ ಇನ್ನೂ ಚಿಕ್ಕವನು. ‘ಅಪ್ಪಾ, ಅವ್ರು ಈಗ ಎಲ್ಲಿ ಹೋದ್ರು?’ ಎಂದು ಒಮ್ಮೆ ಕೇಳಿದ. ನಾನು ಬಾಯಿ ತೆರೆಯುವುದರೊಳಗೆ ಅವನಕ್ಕ, ‘ಅಪ್ಪ ಹೇಳೋದು ಕೇಳಿ ಕೇಳಿ ಊರು ಬಿಟ್ರು’ ಎಂದಳು. ನಮ್ಮವ್ವ ಮಾತ್ರ ನನ್ನ ಪರ. ‘ಮಾತಾಡ್ಲಿ ಬಿಡ್ರಿ, ಪಾಪ. ನಿದ್ದಿಗೆಟ್ಟು ಗಾಡಿ ಹೊಡೀತಾನ, ಮಾತಾಡ್ಲಿಲ್ಲಂದ್ರ ತೂಕಡಿಸ್ತಾನ’ ಎನ್ನುತ್ತಿದ್ದಳು. ನನ್ನ ವಿದ್ವತ್ತಿಗೆ ಮನೆಯಲ್ಲಿ ಸಿಕ್ಕ ಅತಿ ದೊಡ್ಡ ಮನ್ನಣೆ ಅದು.

ಹೀಗಿರುವಾಗ ಹಿಂದಿನ ಸೀಟಿಗೆ ಸ್ಕ್ರೀನ್ ಹಾಕಿಸಬೇಕೆಂಬ ಮಾತು ಬಂತು. ಮಗಳು ಸೂಚಿಸಿದಳು, ಮಗ ಅನುಮೋದಿಸಿದ, ಹೆಂಡತಿ ‘ಆಗ್ಲಿ’ ಎಂದಳು. ರಾತ್ರಿ ಊಟಕ್ಕೆ ರೊಟ್ಟಿಯೋ ಚಪಾತಿಯೋ ಎಂಬುದಕ್ಕೂ ಒಮ್ಮತ ಮೂಡದ ಮನೆ ನಮ್ಮದು. ಅಂಥಲ್ಲಿ ಒಂದೇ ಉಸಿರಿಗೆ ಠರಾವು ಪಾಸಾಯಿತು. ಕಾರಣ ಕೇಳಿದ್ದಕ್ಕೆ ಹೆಂಡತಿ, ‘ಮಕ್ಕಳಿಗೆ ದಾರಿಯಾಗ ಬ್ಯಾಸರ ಆಗ್ತೈತಿ’ ಎಂದಳು. ಇಷ್ಟು ಚರಿತ್ರೆ ಇರುವ ದಾರಿಯಲ್ಲಿ ಬೇಸರ ಹೇಗೆ ಆಗುತ್ತದೆ ಎಂದು ಕೇಳಬೇಕೆನಿಸಿದರೂ, ಸ್ಕ್ರೂಡ್ರೈವರ್ ಹಿಡಿಯುವ ಅವಕಾಶ ಕಂಡು ಸುಮ್ಮನಾದೆ.

ಓಡುವ ಗಾಡಿಯಲ್ಲಿ ಸಿನಿಮಾ ನೋಡುವುದು ನಮ್ಮ ಸೀಮೆಯವರಿಗೆ ಹೊಸತೇನಲ್ಲ. ಎಂಬತ್ತರ ದಶಕದಲ್ಲಿ ರಾತ್ರಿ ಬೆಂಗಳೂರಿಗೆ ಹೊರಡುವ ಖಾಸಗಿ ಬಸ್ಸಿನ ಹಣೆಯ ಮೇಲೆ ‘ವಿಡಿಯೋ ಕೋಚ್’ ಎಂದು ದಪ್ಪಕ್ಷರದಲ್ಲಿ ಬರೆದಿರುತ್ತಿತ್ತು. ಡ್ರೈವರ್ ಕ್ಯಾಬಿನ್ನಿನ ಹಿಂದೆ, ಎತ್ತರದಲ್ಲಿ, ಕಬ್ಬಿಣದ ಪಟ್ಟಿ ಬಿಗಿದ ಬೊಜ್ಜಿನ ಟಿವಿ. ಅದರ ಪಕ್ಕದ ಪೆಟ್ಟಿಗೆಯಲ್ಲಿ ವಿಸಿಆರ್. ಚಳ್ಳಕೆರೆ ಬರುವುದರೊಳಗೆ ನಾಯಕನ ತಂದೆಯ ಕೊಲೆಯಾಗಿ, ಹಿರಿಯೂರಿನ ಚಹಾದ ಹೊತ್ತಿಗೆ ಕೊಂದವನು ಸಿಕ್ಕಿಬೀಳಬೇಕು. ಕ್ಯಾಸೆಟ್ ಸಿಕ್ಕಿಕೊಂಡರೆ ಕ್ಲೀನರ್ ಹುಡುಗ ಎದ್ದು ಬಂದು ಪೆಟ್ಟಿಗೆಯ ತಲೆಗೆ ಎರಡು ಬಡಿಯುತ್ತಿದ್ದ. ಕೊಲೆಗಾರ ಮತ್ತೆ ಓಡತೊಡಗುತ್ತಿದ್ದ. ನಿದ್ದೆ ಮಾಡಬೇಕೆಂದವರಿಗೂ ಸಿನಿಮಾದಿಂದ ಬಿಡುಗಡೆ ಇರಲಿಲ್ಲ. ಇಡೀ ಬಸ್ಸಿನಲ್ಲಿ ಸಿನಿಮಾ ನೋಡದವನು ಡ್ರೈವರ್ ಒಬ್ಬನೇ ಎಂಬುದು ಆಗ ಯಾರ ತಲೆಗೂ ಹೊಳೆದಂತಿರಲಿಲ್ಲ.

ಬಳ್ಳಾರಿಯಲ್ಲಿ ಕಾರಿಗೆ ಅಲಂಕಾರ ಮಾಡುವ ಅಂಗಡಿಗಳಿಗೆ ಬರವಿಲ್ಲ. ಗಣಿಯ ದುಡ್ಡು ಧೂಳಿನ ಜೊತೆ ಹಾರಾಡುತ್ತಿದ್ದ ವರ್ಷಗಳಲ್ಲಿ ನಮ್ಮೂರಿನ ಕಾರುಗಳಿಗೆ ಏನೇನು ಅಂಟಿಸಲಿಲ್ಲ! ಆ ಕಾಲ ಹೋದರೂ ಅಂಗಡಿಗಳು ಉಳಿದಿವೆ. ಒಂದಕ್ಕೆ ಹೋಗಿ ಕೇಳಿದೆ. ‘ರೆಡಿಮೇಡ್ ಹೆಡ್‌ರೆಸ್ಟೇ ಐತಿ ಸಾರ್. ಒಳಗ ಸ್ಕ್ರೀನ್ ಕುಂತಿರ್ತೈತಿ. ಕಂಪನೀದು ಕಿತ್ತು ಇದು ಚುಚ್ಚಿದ್ರ ಮುಗೀತು’ ಎಂದ. ಕಂಪನಿಯವರು ಆ ತಲೆದಿಂಬನ್ನು ತಲೆ ಒರಗಿಸಿ ನಿದ್ದೆ ಹೊಡೆಯಲೆಂದು ಕೊಟ್ಟಿರುವುದಿಲ್ಲ. ಹಿಂದಿನಿಂದ ಯಾವುದಾದರೂ ಲಾರಿ ಬಂದು ಗುದ್ದಿದಾಗ ಕತ್ತು ಹಿಂದಕ್ಕೆ ಮುರಿಯದಂತೆ ತಡೆಯುವುದು ಅದರ ಕೆಲಸ. ಅದನ್ನು ಕಿತ್ತು ಊರುಪೇರಿಲ್ಲದ ಸ್ಪಂಜು ತುಂಬಿದ್ದನ್ನು ಕೂರಿಸಿದರೆ ಹಿಂದಿನವರ ಸಿನಿಮಾಕ್ಕೆ ಮುಂದಿನವರ ಕತ್ತು ಅಡವಿಟ್ಟಂತೆ. ಇದನ್ನು ಅವನಿಗೆ ವಿವರವಾಗಿ ಹೇಳಿದೆ. ಅವನು ಬೇರೆ ಗಿರಾಕಿಯ ಕಡೆ ತಿರುಗಿದ. ಕಡೆಗೆ ತಲೆದಿಂಬಿನ ಎರಡು ಉಕ್ಕಿನ ಕಡ್ಡಿಗಳಿಗೆ ಕ್ಲಾಂಪ್ ಹಾಕಿ ಬಿಗಿಯುವ ಎರಡು ಸ್ಕ್ರೀನ್, ಒಂದಿಷ್ಟು ವೈರು, ಒಂದು ಸಾಕೆಟ್ಟು, ಎರಡು ಹೆಡ್‌ಫೋನ್ ಕಟ್ಟಿಸಿಕೊಂಡು ಬಂದೆ. ಕೂರಿಸುವ ಕೂಲಿ ಎಷ್ಟೆಂದು ಕೇಳಿದ್ದೆನಾದರೂ, ಅವನು ಹೇಳಿದ ಮೊತ್ತ ಕೇಳಿದ ಮೇಲೆ ನನ್ನೊಳಗಿನ ಇಂಜಿನಿಯರ್ ಎದ್ದು ಕೂತಿದ್ದ.

ಭಾನುವಾರ ಬೆಳಿಗ್ಗೆ ಒಗ್ಗರಣಿ-ಮಿರ್ಚಿ ತಿಂದು, ಬಿಸಿಲೇರುವ ಮೊದಲೇ ಬೇವಿನ ಮರದ ಕೆಳಗೆ ಕಾರು ನಿಲ್ಲಿಸಿ ಕೆಲಸಕ್ಕೆ ಇಳಿದೆ. ಕಾರಿನ ವಿದ್ಯುತ್ತಿಗೆ ಎರಡು ಬಗೆ. ಒಂದು ಬ್ಯಾಟರಿಯಿಂದ ಸದಾ ಬರುವುದು. ಇನ್ನೊಂದು ಕೀಲಿ ತಿರುಗಿಸಿದರೆ ಮಾತ್ರ ಬರುವುದು. ಮೊದಲನೆಯದಕ್ಕೆ ಸ್ಕ್ರೀನ್ ಜೋಡಿಸಿ ಆರಿಸಲು ಮರೆತರೆ ಬೆಳಗಾಗುವುದರೊಳಗೆ ಬ್ಯಾಟರಿ ಮಲಗುತ್ತದೆ, ಓಣಿಯವರೆಲ್ಲ ಸೇರಿ ಕಾರು ತಳ್ಳಬೇಕಾಗುತ್ತದೆ. ಎರಡನೆಯದನ್ನು ಹುಡುಕಬೇಕು. ಡ್ಯಾಶ್‌ಬೋರ್ಡಿನ ಕೆಳಗೆ ಫ್ಯೂಸಿನ ಡಬ್ಬಿ. ಅದರ ಬಾಯಿ ಸಿಗಬೇಕಾದರೆ ಮನುಷ್ಯ ಸೊಂಟವನ್ನು ಸೀಟಿನ ಮೇಲೂ, ತಲೆಯನ್ನು ಬ್ರೇಕ್ ಪೆಡಲಿನ ಪಕ್ಕದಲ್ಲೂ, ಕಾಲುಗಳನ್ನು ಬಾಗಿಲಾಚೆ ಬೇವಿನ ಮರದ ಕಡೆಗೂ ಚಾಚಬೇಕು. ಆ ಭಂಗಿಯಲ್ಲಿ ಟೆಸ್ಟ್ ಲ್ಯಾಂಪ್ ಹಿಡಿದು ಒಂದೊಂದೇ ಫ್ಯೂಸ್ ಮುಟ್ಟುತ್ತ, ‘ಕೀಲಿ ತಿರುಗಿಸು… ಆಫ್ ಮಾಡು… ತಿರುಗಿಸು’ ಎಂದು ಮಗನಿಗೆ ಕೂಗುತ್ತಿದ್ದೆ. ಅವನು ಮಧ್ಯೆ ಮಧ್ಯೆ ಹಾರ್ನ್ ಒತ್ತುತ್ತಿದ್ದ.

ಹಾರ್ನ್ ಕೇಳಿ ಪಕ್ಕದ ಮನೆಯ ಮೇಷ್ಟ್ರು ಬಂದರು. ನಿವೃತ್ತರಾದ ಮೇಲೆ ಅವರಿಗೆ ವಿದ್ಯಾರ್ಥಿಗಳ ಬರ. ಅಂಗಾತ ಬಿದ್ದು, ತಪ್ಪಿಸಿಕೊಳ್ಳಲಾರದ ಸ್ಥಿತಿಯಲ್ಲಿದ್ದ ನನ್ನನ್ನು ಕಂಡು ಅವರ ಮುಖ ಅರಳಿದ್ದು ಪೆಡಲಿನ ಸಂದಿಯಿಂದಲೂ ಕಾಣಿಸಿತು. ‘ಏನು ನಡಸೀರಿ?’ ಎಂದವರು ಉತ್ತರಕ್ಕೆ ಕಾಯದೆ ಕಲ್ಲುಬೆಂಚಿನ ಮೇಲೆ ಕೂತು 1800ನೇ ಇಸವಿಯಿಂದ ಹಿಡಿದರು. ನಿಜಾಮ ಈ ಸೀಮೆಯನ್ನು ಕಂಪನಿ ಸರ್ಕಾರಕ್ಕೆ ಬಿಟ್ಟುಕೊಟ್ಟ. ಥಾಮಸ್ ಮನ್ರೋ ಕಲೆಕ್ಟರಾಗಿ ಬಂದ. ನಾನು ಹದಿನೈದು ಆಂಪಿಯರಿನ ನೀಲಿ ಫ್ಯೂಸ್ ಕಿತ್ತು ಆ ಜಾಗಕ್ಕೆ ಫ್ಯೂಸ್ ಟ್ಯಾಪ್ ಚುಚ್ಚಿ, ಕೆಳಗಿನ ಮನೆಯಲ್ಲಿ ಹಳೆಯ ಹದಿನೈದನ್ನೂ ಮೇಲಿನ ಮನೆಯಲ್ಲಿ ಹೊಸ ಐದನ್ನೂ ಕೂರಿಸುವ ಹೊತ್ತಿಗೆ ಮದರಾಸ್ ಪ್ರಾಂತ್ಯದಲ್ಲಿ ಒಂದೂವರೆ ಶತಮಾನ ಕಳೆದಿತ್ತು. ‘1953, ಅಕ್ಟೋಬರ್ ಒಂದು! ನಾವು ಮೈಸೂರಿಗೆ ಬಂದ್ವಿ. ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕ ಹೋದ್ವು. ಯಾಕ ಹೋದ್ವು ಹೇಳ್ರಿ ನೋಡೋಣ?’ ಎಂದು ಪ್ರಶ್ನೆ ಹಾಕಿದರು. ಬಾಯಲ್ಲಿ ಸ್ಕ್ರೂ ಕಚ್ಚಿಕೊಂಡಿದ್ದರಿಂದ ನಾನು ಫೇಲಾದೆ. ಮೇಷ್ಟ್ರು ಒಳ್ಳೆಯವರು, ಆದರೆ ಎದುರಿಗಿದ್ದವನಿಗೆ ಕೇಳುವ ತ್ರಾಣ ಇದೆಯೋ ಇಲ್ಲವೋ ಎಂದು ನೋಡುವುದಿಲ್ಲ. ಕೆಲವರ ಸ್ವಭಾವವೇ ಹಾಗೆ.

ವೈರು ಎಳೆಯುವುದು ನಿಜವಾದ ಕುಶಲ ಕೆಲಸ. ಡ್ಯಾಶ್‌ಬೋರ್ಡಿನಿಂದ ಇಳಿಸಿ, ಬಾಗಿಲ ಹೊಸ್ತಿಲಿನ ಪ್ಲಾಸ್ಟಿಕ್ ಪಟ್ಟಿ ಎಬ್ಬಿಸಿ, ಅದರಡಿ ಮಲಗಿಸಿ, ಕಾರ್ಪೆಟ್ಟಿನ ಕೆಳಗೆ ಅಡ್ಡ ಹಾಯಿಸಿ ಎರಡು ಮುಂದಿನ ಸೀಟುಗಳ ನಡುವಿನ ಡಬ್ಬಿಯ ಹಿಂಬದಿಗೆ ತರಬೇಕು. ಪಟ್ಟಿಯನ್ನು ಹಿಡಿದಿರುವ ಬಿಳಿ ಕ್ಲಿಪ್ಪುಗಳು ಎಬ್ಬಿಸುವಾಗ ‘ಟಕ್’ ಎನ್ನುತ್ತವೆ. ಬಿಚ್ಚಿಕೊಂಡರೂ ಅದೇ ಸದ್ದು, ಮುರಿದರೂ ಅದೇ ಸದ್ದು. ಪಟ್ಟಿ ಕೈಗೆ ಬಂದ ಮೇಲೆ ಯಾವುದೆಂದು ತಿಳಿಯುತ್ತದೆ. ಇನ್ನು ಬಣ್ಣಗಳ ವಿಷಯ. ಹೊಸ ವೈರಿನ ಕಟ್ಟಿನಲ್ಲಿ ಹಳದಿ ಎಂದರೆ ಸದಾ ಕರೆಂಟು, ಕೆಂಪು ಎಂದರೆ ಕೀಲಿಯ ಕರೆಂಟು, ಕಪ್ಪು ಅರ್ಥಿಂಗು. ಆದರೆ ಸೀಟಿನ ಕೆಳಗೆ ಕಾರಿನವರದೇ ಹಳದಿ ಕವಚದ ವೈರೊಂದು ಹೋಗಿರುತ್ತದೆ. ಅದು ಏರ್‌ಬ್ಯಾಗಿನದು. ಅದನ್ನು ಕೆಣಕಿದರೆ ಮನೆಯಂಗಳದಲ್ಲೇ ಬಲೂನು ಉಬ್ಬಿ ಮೂತಿಗೆ ಬಡಿದೀತು; ಇಲ್ಲವೇ ಬೇಕಾದಾಗ ಉಬ್ಬದೇ ಹೋದೀತು. ಆ ಹಳದಿಗೆ ದೂರದಿಂದಲೇ ಕೈಮುಗಿದು ನನ್ನ ವೈರನ್ನು ಇನ್ನೊಂದು ಬದಿಗೆ ಒಯ್ದೆ. ಕಪ್ಪು ತಂತಿಯನ್ನು ಸೀಟಿನ ತಳದ ಬೋಲ್ಟೊಂದಕ್ಕೆ ಬಿಗಿದು, ಡಬ್ಬಿಯ ಹಿಂಬದಿಗೆ ಹನ್ನೆರಡು ವೋಲ್ಟಿನ ಸಾಕೆಟ್ ಕೂರಿಸಿ, ಎರಡೂ ಸ್ಕ್ರೀನಿನ ಪ್ಲಗ್ಗು ಚುಚ್ಚಿದೆ. ಕೀಲಿ ತಿರುಗಿಸಿದ ಕೂಡಲೇ ಎರಡೂ ಕಡೆ ಬೆಳಕಾಯಿತು. ಮೇಷ್ಟ್ರು ಆ ಬೆಳಕಿನಲ್ಲಿ, ‘ಇನ್ನ ಕುಡತಿನಿ ಬೂದಿಗುಡ್ಡದ ವಿಷಯ ಬಾಕಿ ಐತಿ’ ಎಂದು ಶುರು ಮಾಡುವಷ್ಟರಲ್ಲಿ ಅವರ ಮನೆಯಿಂದ ಊಟಕ್ಕೆ ಕರೆ ಬಂತು. ಆ ತಾಯಿಗೆ ಪುಣ್ಯ ಬರಲಿ.

ಮೊದಲ ಪ್ರಯೋಗ ಸಿರುಗುಪ್ಪ ದಾರಿಯಲ್ಲಿ. ನಡುವಿನ ಸಾಲಿನಲ್ಲಿ ಆಚೀಚೆ ಮಕ್ಕಳು, ಮಧ್ಯೆ ಅವ್ವ. ಮಗಳಿಗೊಂದು ಹೆಡ್‌ಫೋನ್, ಮಗನಿಗೊಂದು. ಕಾರು ಊರು ದಾಟಿತು. ‘ಬಲಕ್ಕ ನೋಡ್ರಿ, ಈ ಗುಡ್ಡದಾಗ’ ಎಂದೆ. ಹಿಂದಿನಿಂದ ಉತ್ತರ ಬರಲಿಲ್ಲ. ಕನ್ನಡಿಯಲ್ಲಿ ನೋಡಿದೆ. ಕಿವಿಗೆ ಕಪ್ಪು ಬಟ್ಟಲು ಕವುಚಿಕೊಂಡ ಎರಡು ಮುಖಗಳು ನೀಲಿ ಬೆಳಕಿನಲ್ಲಿ ತೇಲುತ್ತಿದ್ದವು. ‘ಮಂದಿ ಇದ್ರು’ ಎಂದು ನನ್ನ ವಾಕ್ಯವನ್ನು ನಾನೇ ಮುಗಿಸಿಕೊಂಡೆ. ಎಷ್ಟೋ ವರ್ಷಗಳಲ್ಲಿ ಅದೇ ಮೊದಲು.

ತೆಕ್ಕಲಕೋಟೆ ಹತ್ತಿರ ಬರುವ ಹೊತ್ತಿಗೆ ಮಗ ಹೆಡ್‌ಫೋನ್ ಕಿತ್ತು, ‘ಅಪ್ಪಾ, ಒಂಥರಾ ಆಗಾಕತ್ತೈತಿ’ ಎಂದ. ಗಾಡಿ ನಿಲ್ಲಿಸುವುದರೊಳಗೆ ಬೆಳಗಿನ ಇಡ್ಲಿ ಹೊರಗೆ ಬಂದಿತ್ತು. ಇದಕ್ಕೆ ಯಾರ ದೃಷ್ಟಿಯೂ ಕಾರಣವಲ್ಲ. ಒಳಗಿವಿಯಲ್ಲಿರುವ ಸಮತೋಲದ ಅಂಗ ‘ಗಾಡಿ ಓಡ್ತಾ ಇದೆ, ಕುಲುಕ್ತಾ ಇದೆ’ ಎನ್ನುತ್ತದೆ. ಸ್ಕ್ರೀನಿಗೆ ಅಂಟಿದ ಕಣ್ಣು ‘ಎಲ್ಲಿ ಓಡ್ತಿದೆ? ಕೂತಲ್ಲೇ ಇದ್ದೀವಿ’ ಎನ್ನುತ್ತದೆ. ಇಬ್ಬರ ಜಗಳದಲ್ಲಿ ಹೊಟ್ಟೆ ತಿರುಗುತ್ತದೆ. ಕಿಟಕಿಯಾಚೆ ದೂರ ನೋಡಿದರೆ ಜಗಳ ತಣ್ಣಗಾಗುತ್ತದೆ. ಆದ್ದರಿಂದ ಹುಡುಗನನ್ನು ಮುಂದಿನ ಸೀಟಿಗೆ ತಂದು, ಬಾಯಿಗೆ ನಿಂಬೆಹಣ್ಣು ಕೊಟ್ಟು, ಎದುರಿನ ಗುಡ್ಡ ತೋರಿಸಿದೆ. ತೋರಿಸಿದ ಮೇಲೆ ಅದರ ವಿಷಯ ಹೇಳದೆ ಇರುವುದು ಹೇಗೆ? ನಾಗರಾಜರಾವ್ ಅವರ ಅಗೆತದಿಂದ ಶುರು ಮಾಡಿದೆ. ಸಮಾಧಿಗಳ ಭಾಗಕ್ಕೆ ಬರುವ ಮೊದಲೇ ಅವನು, ‘ಅಪ್ಪಾ, ನಾನು ಹಿಂದಕ್ಕ ಹೋಗ್ತೀನಿ. ಆ ವಾಂತಿನ ಅಡ್ಡಿ ಇಲ್ಲ’ ಎಂದ.

ಅವನ ಜಾಗ ಅಷ್ಟರಲ್ಲಿ ತುಂಬಿತ್ತು. ಮುಂದೆ ಕೂತಿದ್ದ ಅವನಮ್ಮ ಮಗನಿಗೆ ಸೀಟು ಬಿಟ್ಟುಕೊಡುವ ತ್ಯಾಗ ಮಾಡಿ ಹಿಂದೆ ಹೋದವಳು ಮತ್ತೆ ಮುಂದಕ್ಕೆ ಬರಲಿಲ್ಲ. ಹುಡುಗ ಕಡೆಯ ಸಾಲಿಗೆ ಹೋಗಿ ಉದ್ದಕ್ಕೆ ಮಲಗಿದ. ಅಂದಿನಿಂದ ನಮ್ಮ ಕಾರಿನ ಆಸನ ವ್ಯವಸ್ಥೆ ಇದೇ: ಮುಂದೆ ನಾನೊಬ್ಬ, ಪಕ್ಕದ ಸೀಟಿನಲ್ಲಿ ನೀರಿನ ಬಾಟಲಿ, ಹಿಂದೆ ಸಂಸಾರ. ಹೀಗೊಮ್ಮೆ ತೆಕ್ಕಲಕೋಟೆಯಲ್ಲಿ ಚಹಾಕ್ಕೆ ನಿಂತಿದ್ದೆ. ಮನೆಯವರು ಸಿನಿಮಾ ಬಿಟ್ಟು ಇಳಿಯಲಿಲ್ಲ. ಚಹಾ ನಾನೇ ಒಯ್ದು ಕಿಟಕಿಯಲ್ಲಿ ಕೊಟ್ಟೆ. ಅದನ್ನು ನೋಡುತ್ತಿದ್ದ ಹಿರಿಯರೊಬ್ಬರು ಹತ್ತಿರ ಬಂದು, ‘ಬಾಳ ಅಚ್ಚುಕಟ್ಟಾಗಿ ನೋಡ್ಕಂತೀಯಪ್ಪಾ ಗಿರಾಕಿಗಳ್ನ. ಆದೋನಿಗೆ ಹೋಗಿ ಬರಾಕ ಏನು ತಗಂತೀ?’ ಎಂದರು. ಬಿಳಿ ನಂಬರ್ ಪ್ಲೇಟು ತೋರಿಸಿ ಮನೆ ಗಾಡಿ ಎಂದೆ. ‘ಓನರ್ ಬಂದಿಲ್ಲೇನು?’ ಎಂದು ಕೇಳಿದರು.

ಅವ್ವನಿಗೆ ಹೆಡ್‌ಫೋನ್ ಆಗಿಬರುವುದಿಲ್ಲ, ತಲೆ ಭಾರವೆನ್ನುತ್ತಾಳೆ. ಹೀಗಾಗಿ ಅವಳ ಸರದಿ ಬಂದಾಗ ಸಿನಿಮಾ ಎಲ್ಲರ ಕಿವಿಗೂ ಬೀಳುತ್ತದೆ. ಗಾಡಿ ಓಡಿಸುವವನು ವಿಡಿಯೋ ನೋಡಬಾರದೆಂಬುದು ಕಾನೂನು. ನೋಡಬೇಕೆಂದರೂ ಆಗದು, ಸ್ಕ್ರೀನ್ ಇರುವುದು ನನ್ನ ತಲೆಯ ಹಿಂದೆ. ಕನ್ನಡಿಯಲ್ಲಿ ಕಾಣುವುದು ನೋಡುವವರ ಮುಖ ಮಾತ್ರ. ಹೀಗೆ ಕೇಳಿ ನಾನು ಮುಗಿಸಿದ ಸಿನಿಮಾಗಳಲ್ಲಿ ‘ಬಭ್ರುವಾಹನ’ದಷ್ಟು ಗೋಳು ಕೊಟ್ಟದ್ದು ಬೇರೆ ಇಲ್ಲ. 1977ರಲ್ಲಿ ಹುಣಸೂರು ಕೃಷ್ಣಮೂರ್ತಿ ತೆಗೆದ ಚಿತ್ರ. ಅರ್ಜುನನೂ ರಾಜಕುಮಾರ್, ಬಭ್ರುವಾಹನನೂ ರಾಜಕುಮಾರ್. ಕಣ್ಣಿದ್ದವರಿಗೆ ಅದು ದ್ವಿಪಾತ್ರದ ವೈಭವ. ಕಿವಿಯೊಂದೇ ಇದ್ದವನಿಗೆ ಒಬ್ಬನೇ ಮನುಷ್ಯ ತನ್ನನ್ನು ತಾನೇ ಬೈದುಕೊಂಡು, ತನ್ನ ಮೇಲೆ ತಾನೇ ಬಾಣ ಬಿಟ್ಟುಕೊಂಡು ಸಾಯುವ ಕಥೆ. ‘ಈಗ ಬೈದವ್ರು ಯಾರವ್ವಾ, ಅಪ್ಪನೋ ಮಗನೋ?’ ಎಂದು ಕೇಳಿದೆ. ‘ಸುಮ್ನಿರಪ್ಪಾ, ಯುದ್ಧ ನಡದೈತಿ’ ಎಂದಳು. ಯಾರು ಬಿದ್ದರೆಂದು ತಿಳಿಯಲು ಕನ್ನಡಿಯಲ್ಲಿ ಅವ್ವನ ಮುಖ ನೋಡಿದೆ. ಅವಳು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಅಷ್ಟರಿಂದ ತಿಳಿಯುವ ಹಾಗಿಲ್ಲ; ಅವಳು ರಾಜಕುಮಾರ್ ಯಾವ ಕಡೆ ಬಿದ್ದರೂ ಅಳುವವಳು.

ನಮ್ಮ ಬಳ್ಳಾರಿಯ ಬೆಳಗಲ್ಲು ವೀರಣ್ಣನವರು ತೊಗಲುಗೊಂಬೆಗಳನ್ನು ಆಡಿಸಿ ಗಾಂಧೀಜಿಯ ಬದುಕನ್ನೇ ಪರದೆಯ ಮೇಲೆ ತಂದವರು. ಗೊಂಬೆ ಹಿಡಿದು ಪರದೆಯ ಹಿಂದೆ ಕೂತವನಿಗೆ ಎದುರಿನವರು ಕಾಣುವ ಆಟ ಕಾಣುವುದಿಲ್ಲ. ಆದರೂ ಆಟ ಅವನದು ಎಂದು ಊರೇ ಹೇಳುತ್ತದೆ. ನನಗೂ ಅಷ್ಟು ಗೌರವ ಸಲ್ಲಬೇಕೆಂದು ಸಿರುಗುಪ್ಪದಲ್ಲಿ ಮಾವನವರ ಮುಂದೆ ಸೂಚ್ಯವಾಗಿ ಹೇಳಿದೆ. ಅವರು ಕಾರಿನೊಳಗೆ ಬಗ್ಗಿ ನೋಡಿ, ‘ಚಲೋ ಆಗೈತಿ ಅಳಿಯಂದ್ರ. ನಮ್ಮ ಹುಡುಗಿ ಈಗ ಬಂದಾಗ ತಲಿನೋವು ಅನ್ನಂಗಿಲ್ಲ’ ಎಂದರು. ಸ್ಕ್ರೀನ್ ನೋಡಿದರೆ ತಲೆನೋವು ಹೆಚ್ಚಾಗಬೇಕಲ್ಲ, ಕಡಿಮೆ ಹೇಗಾಯಿತು ಎಂಬುದು ನನಗೆ ಹೊಳೆಯಲಿಲ್ಲ. ವಯಸ್ಸಾದವರು, ಏನೋ ಹೇಳಿದರು ಎಂದುಕೊಂಡೆ.

ನನ್ನ ಪಕ್ಷ ಹಿಡಿದವನು ಸೂರ್ಯ ಒಬ್ಬನೇ. ಏಪ್ರಿಲ್‌ನ ಒಂದು ಮಧ್ಯಾಹ್ನ ಸಿರುಗುಪ್ಪದಿಂದ ಕುರುಗೋಡಿಗೆ ಬಂದು, ಕಾರನ್ನು ಬಯಲಿನಲ್ಲಿ ನಿಲ್ಲಿಸಿ ದೇವರ ದರ್ಶನಕ್ಕೆ ಹೋದೆವು. ಒಂದೇ ಕಲ್ಲಿನಲ್ಲಿ ಕಡೆದ ಆಳೆತ್ತರ ಮೀರಿದ ಬಸವ. ಅಂಥ ಗಾತ್ರ ಕಂಡ ಮೇಲೆ ಬೆರಳುದ್ದದ ಚಿತ್ರ ನೋಡುವ ಆಸೆ ಯಾರಿಗೂ ಬರಬಾರದು. ಆದರೂ ಮಕ್ಕಳು ಪ್ರಸಾದ ಬಾಯಿಗೆ ಹಾಕಿಕೊಂಡು ಕಾರಿನ ಕಡೆ ಓಡಿದರು. ಸ್ಕ್ರೀನ್ ಹಚ್ಚಿದರೆ ಪೂರಾ ಕಪ್ಪು. ಮಾತು ಕೇಳಿಸುತ್ತದೆ, ಚಿತ್ರವಿಲ್ಲ. ಎಲ್‌ಸಿಡಿ ಪರದೆಯೊಳಗಿನ ದ್ರವ ಹರಳು ಮಿತಿ ಮೀರಿ ಕಾದರೆ ತನ್ನ ಜೋಡಣೆ ಕಳೆದುಕೊಳ್ಳುತ್ತದೆ, ಪರದೆ ಕಪ್ಪಾಗುತ್ತದೆ. ಆರಿದ ಮೇಲೆ ಮೊದಲಿನಂತಾಗುತ್ತದೆ. ಆಪಲ್ ಕಂಪನಿಯವರು ತಮ್ಮ ಐಪ್ಯಾಡನ್ನು 35 ಡಿಗ್ರಿಯೊಳಗೆ ಬಳಸಿ ಎನ್ನುತ್ತಾರೆ. ಬಳ್ಳಾರಿ ಸೀಮೆಯಲ್ಲಿ 35 ಡಿಗ್ರಿ ಎಂದರೆ ‘ಇವತ್ತು ಸ್ವಲ್ಪ ತಂಪೈತಿ’ ಎಂದು ಮಾತಾಡಿಕೊಳ್ಳುವ ದಿನ. ಬಾಗಿಲು ಮುಚ್ಚಿ ಬಿಸಿಲಿಗೆ ಬಿಟ್ಟ ಕಾರಿನೊಳಗೆ ಹೋಳಿಗೆಯನ್ನೂ ಬಿಸಿ ಮಾಡಬಹುದು.

ಆ ಕತ್ತಲು ಕಳೆಯುವವರೆಗೆ, ಎಸಿ ಪರದೆಯನ್ನು ಆರಿಸುವವರೆಗೆ, ಕಾರು ಮತ್ತೆ ನನ್ನದಾಯಿತು. ಕುರುಗೋಡಿನ ಸಿಂದರನ್ನು ಅಂದು ನಾನು ಹೊಗಳಿದಷ್ಟು ಅವರ ಆಸ್ಥಾನದ ಕವಿಗಳೂ ಹೊಗಳಿರಲಾರರು. ಆದರೆ ಸೂರ್ಯನನ್ನು ನಂಬಿ ವರ್ಷವಿಡೀ ಕೂರಲಾಗುವುದಿಲ್ಲ. ಮಳೆಗಾಲದಲ್ಲಿ ಏನು ಗತಿ? ಉಪಾಯವನ್ನು ರಸ್ತೆಯೇ ತೋರಿಸಿಕೊಟ್ಟಿತು. ಡಬ್ಬಿಯ ಹಿಂದಿನ ಸಾಕೆಟ್ಟಿಗೆ ಚುಚ್ಚಿದ ಪ್ಲಗ್ಗು ಪೂರ್ತಿ ಒಳಗೆ ಕೂತರೆ ಯಾವ ಕುಲುಕಾಟಕ್ಕೂ ಜಗ್ಗುವುದಿಲ್ಲ. ಒಂದು ನೂಲು ಹೊರಗಿದ್ದರೆ ಸಣ್ಣ ಗುಂಡಿಗಳನ್ನು ತಡೆದುಕೊಂಡು, ದೊಡ್ಡ ಹಂಪಿಗೆ ಸೋಲುತ್ತದೆ. ನಮ್ಮ ರಸ್ತೆಗಳಲ್ಲಿ ಯಾವ ಹಂಪು ಎಲ್ಲಿದೆ ಎಂಬುದು ನನಗೆ ಬಾಯಿಪಾಠ. ತೆಕ್ಕಲಕೋಟೆ ಹತ್ತಿರ ಸ್ಕ್ರೀನ್ ಯಾಕೋ ಆರುತ್ತದೆ ಎಂದು ಮನೆಯವರು ಈಚೆಗೆ ದೂರುತ್ತಿದ್ದಾರೆ. ಗಾಡಿ ನಿಲ್ಲಿಸಿ ನೋಡುತ್ತೇನೆ ಎನ್ನುತ್ತೇನೆ. ಆದರೆ ಹೆದ್ದಾರಿಯಲ್ಲಿ ಎಲ್ಲೆಂದರಲ್ಲಿ ನಿಲ್ಲಿಸುವುದು ಅಪಾಯ. ಸುರಕ್ಷಿತ ಜಾಗ ಸಿಗುವವರೆಗೆ ಒಂದೆರಡು ವಿಷಯ ಮಾತಾಡಿದರೆ ತಪ್ಪೇನು?

ಹೋದ ತಿಂಗಳು ಮೇಷ್ಟ್ರ ಹೆಂಡತಿ ನಮ್ಮ ಮನೆಗೆ ಬಂದರು. ಹೊಸಪೇಟೆಯ ಮಗಳ ಮನೆಗೆ ಓಡಾಡಲು ಅವರು ಕಾರು ತಗೊಂಡಿದ್ದಾರೆ, ಮೇಷ್ಟ್ರೇ ಓಡಿಸುತ್ತಾರೆ. ‘ನಮ್ಮ ಗಾಡಿಗೂ ಒಂದು ಜೋಡಿ ಟಿವಿ ಹಾಕಿಕೊಡ್ರಿ ತಮ್ಮಾ’ ಎಂದರು. ಮೊಮ್ಮಕ್ಕಳಿಗೇ ಎಂದು ಕೇಳಿದೆ. ‘ಇಲ್ರಿ, ನನಗ’ ಎಂದು ನನ್ನ ಹೆಂಡತಿಯ ಮುಖ ನೋಡಿ ನಕ್ಕರು. ‘ಇವ್ರು ಹೇಳಿದ್ರು. ಅದು ಹಾಕಿಸಿದ ಮ್ಯಾಲ ದಾರಿ ಬಾಳ ಶಾಂತ ಆಗೈತಿ ಅಂತ.’ ನನ್ನ ಹೆಂಡತಿಗೆ ಅದೇ ಗಳಿಗೆಯಲ್ಲಿ ಒಲೆಯ ಮೇಲಿನ ಹಾಲು ನೆನಪಾಯಿತು.

ಭಾನುವಾರ ಸಾಮಾನು ಹಿಡಿದು ಹೋದೆ. ಮೇಷ್ಟ್ರು ಅಂದು 1800ರ ಸುದ್ದಿ ಎತ್ತಲಿಲ್ಲ. ನಾನು ಫ್ಯೂಸಿನ ಡಬ್ಬಿಗೆ ತಲೆ ಕೊಟ್ಟು ಮಲಗಿದ್ದರೂ ಬೆಂಚಿನ ಮೇಲೆ ಸುಮ್ಮನೆ ಕೂತಿದ್ದರು. ಒಪ್ಪವಾಗಿ ವೈರು ಎಳೆದೆ, ಒಂದು ಕ್ಲಿಪ್ಪೂ ಮುರಿಯದಂತೆ ಪಟ್ಟಿ ಕೂರಿಸಿದೆ, ಸ್ಕ್ರೀನ್ ಬೆಳಗಿದವು. ಅವರ ಹೆಂಡತಿ ಚಹಾ ತರಲು ಒಳಗೆ ಹೋದರು. ಮೇಷ್ಟ್ರು ಬಾಗಿಲ ಕಡೆ ನೋಡಿ, ದನಿ ತಗ್ಗಿಸಿ ಕೇಳಿದರು: ‘ಇದು ಕೆಡೋ ಪೈಕಿ ಅಲ್ಲೇನು?’

‘ಕೆಡ್ತೈತ್ರಿ ಮೇಷ್ಟ್ರ,’ ಎಂದು ಪ್ಲಗ್ಗಿನ ಮೇಲೆ ಬೆರಳಿಟ್ಟೆ. ‘ಎಲ್ಲಿ ಕೆಡಬೇಕು ಹೇಳ್ರಿ.’

ಅವರು ಒಂದು ಕ್ಷಣವೂ ಯೋಚಿಸಲಿಲ್ಲ. ‘ಕುಡತಿನಿ,’ ಎಂದರು. ‘ಬೂದಿಗುಡ್ಡದ ಹತ್ರ. ಅರ್ಧ ತಾಸು ಕೆಟ್ರ ಸಾಕು.’